ನಾಲಿಗೆಗೆ ಮಾರ್ಕು ಹಾಕುವವರಿಗೆ

ಹೊಟ್ಟೆಯಿಂದ ಕೆಳಗಿಳಿದ ಅನ್ನ ಸಣ್ಣ ಕರುಳಿಗೆ ಕಾಲಿಡುವ ಮೊದಲ ಜಾಗವೊಂದಿದೆ. ಹನ್ನೆರಡು ಬೆರಳಗಲದಷ್ಟು ಉದ್ದ ಅಂತ ಹಳೇ ಗ್ರೀಕ್ ವೈದ್ಯರು ಅದಕ್ಕೆ ಹನ್ನೆರಡು ಬೆರಳು ಅಂತಲೇ ಹೆಸರಿಟ್ಟರು. ಲ್ಯಾಟಿನ್ನಿನ ದಾರಿ ಹಿಡಿದು ನಮ್ಮ ತನಕ ಬರುವಷ್ಟರಲ್ಲಿ ಬೆರಳು ಬಿದ್ದುಹೋಗಿ ಬರೀ ಹನ್ನೆರಡು ಉಳಿಯಿತು. ಇವತ್ತು ಮೆಡಿಕಲ್ ಕಾಲೇಜಿನಲ್ಲಿ ಒಬ್ಬ ಪ್ರೊಫೆಸರು ಅದನ್ನು 'ಡುಯೊಡೀನಮ್' ಅಂತಾರೆ. ಪಕ್ಕದ ಕೋಣೆಯ ಪ್ರೊಫೆಸರು 'ಡುಆಡಿನಮ್' ಅಂತಾರೆ. ಇಬ್ಬರ ಹೊಟ್ಟೆಯೊಳಗೂ ಅದು ಒಂದೇ ಜಾಗದಲ್ಲಿದೆ. ಇಬ್ಬರಿಗೂ ಒಂದನೇ ತಾರೀಕು ಸಂಬಳ ಬರುತ್ತದೆ. ಆದರೆ ನಮ್ಮ ಹಾಸ್ಟೆಲಿನ ಹುಡುಗ ವೈವಾದಲ್ಲಿ ಅದನ್ನು 'ಡಿಯೋಡಿನಂ' ಅಂದನೋ, ಇಬ್ಬರೂ ಮುಖ ಮುಖ ನೋಡಿಕೊಂಡು ನಗುತ್ತಾರೆ. "ಯಾವ ಮೀಡಿಯಮ್ಮಯ್ಯಾ ನೀನು?" "ಯಾವ ಊರು?" ಈ ಎರಡು ಪ್ರಶ್ನೆ ಮುಗಿದ ಮೇಲೆ ಮೂರನೆಯದನ್ನು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಅದಕ್ಕೆ ಉತ್ತರ ಅವರಿಗೆ ಸಿಕ್ಕಾಗಿದೆ.

ಈ ನಗೆಯ ಮೇಲೆ ನಾವು ಇವತ್ತು ಬರೆಯುತ್ತಿದ್ದೇವೆ. ಇದು ಸಣ್ಣ ವಿಷಯ ಅಂತ ಯಾರೂ ತಿಳಿಯಬಾರದು. ಈ ನಗೆಗೆ ಹೆದರಿ, ಉತ್ತರ ಗೊತ್ತಿದ್ದೂ ಬಾಯಿ ಬಿಡದ ಹುಡುಗ ಹುಡುಗಿಯರು ನಮ್ಮ ಹಾಸ್ಟೆಲುಗಳ ತುಂಬ ಇದ್ದಾರೆ. ಎಂಬಿಬಿಎಸ್ ಓದುವವರಿರಲಿ, ನರ್ಸಿಂಗ್ ಇರಲಿ, ಫಾರ್ಮಸಿ ಇರಲಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿರಲಿ, ಎಲ್ಲರ ಪಾಡೂ ಒಂದೇ. ಹತ್ತನೇ ಕ್ಲಾಸಿನ ತನಕ ಕನ್ನಡ ಶಾಲೆ. ಆಮೇಲೆ ಇದ್ದಕ್ಕಿದ್ದ ಹಾಗೆ ಇಂಗ್ಲಿಷಿನ ಇಟ್ಟಿಗೆ ಗಾತ್ರದ ಪುಸ್ತಕ. ಆ ಪುಸ್ತಕದ ಪದಗಳನ್ನು ಇವರ ಕಣ್ಣು ನೋಡಿದೆ, ಕಿವಿ ಕೇಳಿಲ್ಲ. ಮನೆಯಲ್ಲಿ ಅಪ್ಪ ಡಾಕ್ಟರಲ್ಲ, ಅಮ್ಮ ಪ್ರೊಫೆಸರಲ್ಲ, ಊಟಕ್ಕೆ ಕೂತಾಗ 'ಎಂಡೊಕಾರ್ಡೈಟಿಸ್' ಅನ್ನುವ ಮಾತು ತಟ್ಟೆಗೆ ಬಿದ್ದಿಲ್ಲ. ಕಣ್ಣಿನಿಂದ ಕಲಿತ ಪದವನ್ನು ಕಣ್ಣು ಹೇಳಿದಂತೆ ಓದುತ್ತಾರೆ.

ನಮ್ಮ ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ. ಇಂಗ್ಲಿಷಿನಲ್ಲಿ ಬರೆಯುವುದೇ ಒಂದು, ಓದುವುದೇ ಇನ್ನೊಂದು. ನಿಮೋನಿಯಾ ಮುಂದೆ ಒಂದು 'ಪಿ' ಸುಮ್ಮನೆ ಕೂತಿರುತ್ತದೆ. ಸೊರಿಯಾಸಿಸ್ ಮುಂದೆಯೂ ಇನ್ನೊಂದು. ನಮ್ಮ ಹುಡುಗ ಆ 'ಪಿ'ಯನ್ನೂ ಸೇರಿಸಿ ಓದಿದ ಅನ್ನಿ, ಅವನು ಹಳ್ಳಿ ಗಮಾರ. ಆದರೆ ಕೇಳಿ: ಈ ಪದ ಹುಟ್ಟಿದ ಗ್ರೀಕಿನಲ್ಲಿ ಆ 'ಪಿ' ಉಚ್ಚಾರವಾಗುತ್ತಿತ್ತು. ಜರ್ಮನಿಯ ಡಾಕ್ಟರು ಇವತ್ತಿಗೂ ಅದನ್ನು ಬಾಯಿತುಂಬ ಉಚ್ಚರಿಸುತ್ತಾನೆ. ಫ್ರಾನ್ಸಿನವನೂ ಉಚ್ಚರಿಸುತ್ತಾನೆ. ಅದನ್ನು ನುಂಗಿದ್ದು ಇಂಗ್ಲಿಷಿನವನ ಬಾಯಿ. ಹಾಗಾದರೆ ನಮ್ಮ ಹುಡುಗ ತಪ್ಪು ಹೇಳಿದನೋ, ಜರ್ಮನ್ ಡಾಕ್ಟರ ಹಾಗೆ ಹೇಳಿದನೋ? ಜರ್ಮನ್ ಡಾಕ್ಟರು ನಿಮ್ಮ ಕಾಲೇಜಿಗೆ ಭಾಷಣಕ್ಕೆ ಬಂದು 'ಪ್' ಅಂದರೆ ಮುಂದಿನ ಸಾಲಿನಲ್ಲಿ ಕೂತು ತಲೆ ಆಡಿಸುತ್ತೀರಿ. ಅದೇ 'ಪ್' ಚಾಮರಾಜನಗರದ ಬಾಯಿಂದ ಬಂದರೆ ನಗುತ್ತೀರಿ. ನೀವು ನಗುವುದು ಶಬ್ದಕ್ಕಲ್ಲ ಸ್ವಾಮಿ, ಬಾಯಿಗೆ.

ನಾವು ಕೇಳುವುದು ಇಷ್ಟೇ. ನಿಮ್ಮ ಸರಿಯಾದ ಉಚ್ಚಾರಣೆ ಎಲ್ಲಿದೆ, ತೋರಿಸಿ.

ಕುತ್ತಿಗೆಗೂ ಗರ್ಭಕೋಶದ ಕೊರಳಿಗೂ ಸೇರಿದ ಪದ ಒಂದಿದೆ. ಇಂಗ್ಲೆಂಡಿನಲ್ಲಿ ಅನೇಕರು 'ಸರ್ವೈಕಲ್' ಅಂತಾರೆ, ಅಮೆರಿಕದವರು 'ಸರ್ವಿಕಲ್' ಅಂತಾರೆ. ಹೊಕ್ಕುಳಬಳ್ಳಿಗೆ ಒಬ್ಬರು 'ಅಂಬಿಲಿಕಲ್', ಇನ್ನೊಬ್ಬರು 'ಅಂಬಿಲೈಕಲ್'. ಎದೆಹಿಡಿತಕ್ಕೆ 'ಆಂಜೈನಾ' ಅನ್ನುವವರೂ ಇದ್ದಾರೆ, 'ಆಂಜಿನಾ' ಅನ್ನುವವರೂ ಇದ್ದಾರೆ. ಎರಡೂ ನಿಘಂಟಿನಲ್ಲಿವೆ. ಕೂದಲೆಳೆಯಂಥ ರಕ್ತನಾಳಕ್ಕೆ ಲಂಡನ್ನಿನಲ್ಲಿ 'ಕಪಿಲ್ಲರಿ', ನ್ಯೂಯಾರ್ಕಿನಲ್ಲಿ 'ಕ್ಯಾಪಿಲರಿ'. ಅರೆತಲೆನೋವಿಗೆ ಅಲ್ಲಿ 'ಮೀಗ್ರೇನ್', ಇಲ್ಲಿ 'ಮೈಗ್ರೇನ್'. 1912ರಲ್ಲಿ ಕ್ಯಾಸಿಮಿರ್ ಫಂಕ್ ಎಂಬಾತ ಹುಟ್ಟಿಸಿದ 'ವಿಟಮಿನ್' ಎಂಬ ಪದಕ್ಕೆ ನೂರು ವರ್ಷ ದಾಟಿದರೂ ಅದು 'ವಿ' ನೋ 'ವೈ' ನೋ ಅಂತ ಅಟ್ಲಾಂಟಿಕ್ ಸಮುದ್ರದ ಎರಡು ದಡ ಒಪ್ಪಿಕೊಂಡಿಲ್ಲ. ಮಿದುಳು ಊತಕ್ಕೆ ಇಂಗ್ಲೆಂಡಿನ ಡಾಕ್ಟರುಗಳಲ್ಲೇ ಎರಡು ಪಕ್ಷ. ಒಂದು ಪಕ್ಷ 'ಎನ್ಸೆಫಲೈಟಿಸ್', ಇನ್ನೊಂದು ಪಕ್ಷ 'ಎನ್ಕೆಫಲೈಟಿಸ್'. ಅಮೆರಿಕದ ಹಳೇ ಡಾಕ್ಟರು, ನರ್ಸುಗಳಲ್ಲಿ ಎಷ್ಟೋ ಮಂದಿ ಸೆಂಟಿಮೀಟರನ್ನು ಫ್ರೆಂಚರ ಹಾಗೆ 'ಸಾಂಟಿಮೀಟರ್' ಅನ್ನುತ್ತಿದ್ದರು. ಅಳತೆಪಟ್ಟಿ ಅದೇ, ಗೀಟು ಅದೇ. ಮೂಗು ಮಾತ್ರ ಬೇರೆ.

ಈಗ ಮೊಬೈಲಿನಲ್ಲಿ ಪದ ಬರೆದು ಒತ್ತಿದರೆ ಒಂದು ದನಿ ಓದಿ ಹೇಳುತ್ತದೆ. ಬ್ರಿಟಿಷ್ ದನಿ ಒತ್ತಿದರೆ ಒಂದು ಥರ, ಅಮೆರಿಕನ್ ದನಿ ಒತ್ತಿದರೆ ಇನ್ನೊಂದು ಥರ. ಯಂತ್ರಕ್ಕೇ ಇರುವ ಈ ವಿನಯ ನಮ್ಮ ಎಕ್ಸಾಮಿನರಿಗೆ ಇಲ್ಲವಲ್ಲ!

"ಮೂಲ ಲ್ಯಾಟಿನ್ ನೋಡಿ, ಅದೇ ಸರಿ" ಅಂತ ಕೆಲವು ಪಂಡಿತರು ಏಳುತ್ತಾರೆ. ಆಯ್ತು, ನೋಡೋಣ. ದೊಡ್ಡ ಮಿದುಳಿಗೆ ಲ್ಯಾಟಿನ್ನಿನಲ್ಲಿರುವ ಹೆಸರು ತೆಗೆದುಕೊಳ್ಳಿ. ಹಳೇ ರೋಮಿನ ಬಾಯಲ್ಲಿ ಅದು 'ಕೆರೆಬ್ರುಮ್'. ಇಟಲಿಯ ಚರ್ಚಿನ ಲ್ಯಾಟಿನ್ನಿನಲ್ಲಿ 'ಚೆರೆಬ್ರುಮ್'. ಜರ್ಮನಿಯ ಲ್ಯಾಟಿನ್ನಿನಲ್ಲಿ 'ತ್ಸೆರೆಬ್ರುಮ್'. ಇಂಗ್ಲಿಷಿನವನಿಗೆ 'ಸೆರಿಬ್ರಮ್', ಅದರಲ್ಲೂ ಕೆಲವರಿಗೆ 'ಸೆರೀಬ್ರಮ್'. ಮೂಲವೇ ಸರಿ ಅನ್ನುವುದಾದರೆ ಈ ಪಂಡಿತರು ನಾಳೆಯಿಂದ ಕ್ಲಾಸಿನಲ್ಲಿ 'ಕೆರೆಬ್ರುಮ್' ಅನ್ನಲಿ. ಅನ್ನುವುದಿಲ್ಲ. ಯಾಕೆಂದರೆ ಅವರು ಹಿಡಿದುಕೊಂಡಿರುವುದು ರೋಮಿನ ಬಾಲವನ್ನಲ್ಲ, ಇಂಗ್ಲಿಷ್ ಧಣಿಯ ಬಾಲವನ್ನು. ಅದೂ ಅಪ್ಪ ತಾತ ಹಿಡಿದುಕೊಟ್ಟ ಬಾಲ.

ರೋಗಕ್ಕೆ ಕಂಡುಹಿಡಿದವರ ಹೆಸರಿಟ್ಟಾಗಲಂತೂ ಇವರ ಪಾಡು ನೋಡಬೇಕು. ಟರ್ಕಿಯ ಡಾಕ್ಟರು ಬೆಹ್ಚೆತ್ ಹೆಸರಿನ ಕಾಯಿಲೆ ಒಂದಿದೆ. ಅದನ್ನು 'ಬೆಶೆಟ್' ಅನ್ನುವವರು ಪ್ರಪಂಚದ ತುಂಬ ಇದ್ದಾರೆ. ಫ್ರಾನ್ಸಿನ ಇಬ್ಬರು ಡಾಕ್ಟರ ಹೆಸರಿನ ನರದ ಕಾಯಿಲೆ ಇದೆ, 'ಗಿಯಾಂ-ಬಾರೆ'. 2025ರ ಮೊದಲಲ್ಲಿ ಪುಣೆಯಲ್ಲಿ ಅದು ಹೆಚ್ಚಿದಾಗ ದೊಡ್ಡ ದೊಡ್ಡ ಡಾಕ್ಟರುಗಳೇ 'ಜಿಬಿಎಸ್' ಎಂಬ ಮೂರಕ್ಷರದ ಹಿಂದೆ ಅಡಗಿಕೊಂಡರು. ಡಾಕ್ಟರು ಅಡಗಿಕೊಂಡರೆ ಅದು ಸಂಕ್ಷಿಪ್ತ ರೂಪ. ನಮ್ಮ ಹುಡುಗ ತಡವರಿಸಿದರೆ ಅಜ್ಞಾನ!

ಇನ್ನೊಂದು ವಿಷಯ ತಿಳಿದಿರಲಿ. ಹತ್ತೊಂಬತ್ತನೇ ಶತಮಾನದಲ್ಲಿ ದೇಹದ ಸುಮಾರು 5,000 ಭಾಗಗಳಿಗೆ ಸುಮಾರು 50,000 ಹೆಸರುಗಳು ಓಡಾಡುತ್ತಿದ್ದವು. 1895ರಲ್ಲಿ ಬಾಸೆಲ್ ನಗರದಲ್ಲಿ ಜರ್ಮನ್ ಅಂಗರಚನಾ ಪಂಡಿತರು ಸೇರಿ, ಒಂದು ಭಾಗಕ್ಕೆ ಒಂದು ಲ್ಯಾಟಿನ್ ಹೆಸರು ಅಂತ ಪಟ್ಟಿ ಮಾಡಿದರು. ಆ ಪಟ್ಟಿ ಮತ್ತೆ ಮತ್ತೆ ತಿದ್ದುಪಡಿಯಾಗಿ 1998ರಲ್ಲಿ ಜಗತ್ತಿಗೆಲ್ಲ ಹೊಸ ಪಟ್ಟಿ ಬಂತು. ಇಷ್ಟೆಲ್ಲ ಮಾಡಿದವರು ಒಪ್ಪಿಕೊಂಡದ್ದು ಯಾವುದನ್ನು? ಬರೆಯುವ ಹೆಸರನ್ನು. ಹೇಳುವ ರೀತಿಯನ್ನು ಆಯಾ ದೇಶದ ನಾಲಿಗೆಗೆ ಬಿಟ್ಟರು. ಅಂದಮೇಲೆ ವೈವಾದ ಮೇಜಿನ ಮುಂದೆ ಕೂತು 'ಇದೇ ಸರಿ' ಅನ್ನುವ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು?

ಕೊಟ್ಟವರು ಹಳಬರು. ಬಹಳ ಹಳಬರು.

ಇಂದ್ರಶತ್ರುವಿನ ಕತೆ ನಿಮಗೆ ಗೊತ್ತಿರಬಹುದು. ತ್ವಷ್ಟೃ ಎಂಬುವನು ಇಂದ್ರನನ್ನು ಕೊಲ್ಲುವ ಮಗ ಹುಟ್ಟಲಿ ಅಂತ ಯಜ್ಞ ಮಾಡಿದ. 'ಇಂದ್ರಶತ್ರು' ಎಂಬ ಪದದಲ್ಲಿ ಒತ್ತು ಕೊನೆಗೆ ಬಿದ್ದಿದ್ದರೆ 'ಇಂದ್ರನನ್ನು ಕೊಲ್ಲುವವನು' ಅಂತ ಅರ್ಥ. ಅವನು ಒತ್ತನ್ನು ಮೊದಲಿಗೆ ಹಾಕಿಬಿಟ್ಟ. ಆಗ 'ಇಂದ್ರನಿಂದ ಸಾಯುವವನು' ಅಂತ ಅರ್ಥವಾಯಿತು. ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ. ಒಂದು ಒತ್ತು ತಪ್ಪಿದ್ದಕ್ಕೆ ಪ್ರಾಣ ಹೋಯಿತು ಅಂತ ಶಿಷ್ಯರನ್ನು ಹೆದರಿಸಲು ಈ ಕತೆಯನ್ನು ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದರು. ಇತ್ತ ನಮ್ಮಂಥವರಿಗೆ ಒತ್ತು ಕಲಿಯುವ ಅವಕಾಶವೇ ಇಲ್ಲ. ಶೂದ್ರನು ವೇದ ಕೇಳಿದರೆ ಕಿವಿಗೆ ಕಾಸಿದ ತವರ, ಅರಗು ಹೊಯ್ಯಿರಿ, ಉಚ್ಚರಿಸಿದರೆ ನಾಲಿಗೆ ಕತ್ತರಿಸಿ ಅಂತ ಗೌತಮ ಧರ್ಮಸೂತ್ರದಲ್ಲಿ ಬರೆದಿಟ್ಟರು. ಶೂದ್ರರಿಗೇ ಈ ಗತಿ ಅಂದಮೇಲೆ ಊರ ಹೊರಗಿನವರ ಗತಿ ಕೇಳಬೇಕೆ? ಬಾಬಾಸಾಹೇಬರು ಬೊಂಬಾಯಿಯ ಶಾಲೆಯಲ್ಲಿ ಸಂಸ್ಕೃತ ಕಲಿಯುತ್ತೇನೆ ಅಂದಾಗ, ಅಸ್ಪೃಶ್ಯ ಅಂತ ಕಲಿಸದೆ ಹೋದರು. ಅವರು ಪರ್ಷಿಯನ್ ತೆಗೆದುಕೊಳ್ಳಬೇಕಾಯಿತು. ಆಮೇಲೆ ತಾವೇ ಸ್ವಂತ ಶ್ರಮದಿಂದ ಸಂಸ್ಕೃತ ಕಲಿತರು. ಮೊದಲು ಬಾಗಿಲು ಮುಚ್ಚುವುದು, ಆಮೇಲೆ ಕಿಂಡಿಯಿಂದ ಕೇಳಿ ಕಲಿತವನ ಉಚ್ಚಾರ ಸರಿಯಿಲ್ಲ ಅನ್ನುವುದು, ಇದು ಈ ದೇಶದ ಹಳೇ ಆಟ. ಅವತ್ತು ಮಂತ್ರ, ಇವತ್ತು ಮೆಡಿಕಲ್ ಟರ್ಮು. ಅವತ್ತು ಉದಾತ್ತ ಅನುದಾತ್ತ, ಇವತ್ತು ಸರ್ವಿಕಲ್ ಸರ್ವೈಕಲ್. ವ್ಯತ್ಯಾಸ ಒಂದೇ. ಇಂದ್ರಶತ್ರುವಿನಲ್ಲಿ ಒತ್ತು ಬದಲಾದರೆ ಅರ್ಥವಾದರೂ ಬದಲಾಗುತ್ತಿತ್ತು. ಸರ್ವಿಕಲ್ ಅನ್ನಿ, ಸರ್ವೈಕಲ್ ಅನ್ನಿ, ಕುತ್ತಿಗೆ ಕುತ್ತಿಗೆಯೇ.

"ಈಗೆಲ್ಲಿ ಜಾತಿ?" ಅನ್ನುವವರಿಗೆ ಒಂದು ಮಾತು. ದೆಹಲಿಯ ಏಮ್ಸ್‌ನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳ ದೂರುಗಳನ್ನು ವಿಚಾರಿಸಲು ಕೇಂದ್ರ ಸರ್ಕಾರ 2006ರಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 2007ರಲ್ಲಿ ವರದಿ ಬಂತು. ಪ್ರಾಕ್ಟಿಕಲ್ಲು, ವೈವಾಗಳಲ್ಲಿ ತಾರತಮ್ಯವಿದೆ, ಪರೀಕ್ಷಕರು ನೇರವಾಗಿಯೋ ಸುತ್ತುಬಳಸಿಯೋ ಜಾತಿ ಕೇಳುತ್ತಾರೆ ಅಂತ ವಿದ್ಯಾರ್ಥಿಗಳು ಹೇಳಿದ್ದು ಅದರಲ್ಲಿ ದಾಖಲಾಗಿದೆ. ವೈವಾನೇ ಯಾಕೆ ಅಂತ ಯೋಚನೆ ಮಾಡಿ. ಬರೆಯುವ ಪರೀಕ್ಷೆಯಲ್ಲಿ ನಂಬರು ಮಾತ್ರ ಇರುತ್ತದೆ, ಕಾಗದಕ್ಕೆ ನಾಲಿಗೆ ಇಲ್ಲ. ವೈವಾದಲ್ಲಿ ಮುಖ ಇದೆ, ಹೆಸರಿದೆ, ನಾಲಿಗೆ ಇದೆ. ಜಾತಿ ನೋಡಿ ಮಾರ್ಕು ಕಡಿಮೆ ಮಾಡಿದೆ ಅಂತ ಯಾವನೂ ಒಪ್ಪುವುದಿಲ್ಲ. 'ಕಮ್ಯುನಿಕೇಶನ್ ಸರಿಯಿಲ್ಲ' ಅಂತ ಬರೆದರೆ ಸಾಕು, ಯಾರೂ ಪ್ರಶ್ನೆ ಮಾಡುವುದಿಲ್ಲ. ಉಚ್ಚಾರಣೆ ಅನ್ನುವುದು ಜಾತಿ ಕೇಳದೆ ಜಾತಿ ತಿಳಿಯುವ ಉಪಾಯ.

ಇಷ್ಟಕ್ಕೂ ದೇಹದ ಜ್ಞಾನ ಯಾರ ಕೈಯಲ್ಲಿತ್ತು? ಸೂಲಗಿತ್ತಿ ಯಾರು? ಎಷ್ಟೋ ಹಳ್ಳಿಗಳಲ್ಲಿ ಕೇರಿಯ ಅವ್ವಂದಿರು. ಮಗು ಅಡ್ಡ ತಿರುಗಿದ್ದನ್ನು ಅಂಗೈಯಲ್ಲೇ ಕಂಡುಕೊಂಡವರು. ಹೊಕ್ಕುಳಬಳ್ಳಿಗೆ ಅವರು ಅಂಬಿಲಿಕಲ್ ಅಂದರೋ ಅಂಬಿಲೈಕಲ್ ಅಂದರೋ ಕೇಳಿದವರಿಲ್ಲ. ಹೆರಿಗೆಯಾದ ಮೇಲೆ ಹಿತ್ತಿಲ ಬಾಗಿಲಿಂದ ಕಳಿಸಿ, ನೀರು ಹೊಯ್ದು ಮನೆ ತೊಳೆದುಕೊಂಡರು. 1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಅವರು ಹೆಣ ಕೊಯ್ದಾಗ ದೇಶವೇ ಬೆರಗಾಯಿತು. ಮೇಲ್ಜಾತಿಯವರು ಹೆಣ ಮುಟ್ಟಿದ್ದು ದೊಡ್ಡ ಇತಿಹಾಸ! ಅದಕ್ಕೆ ಮೊದಲೂ ಆಮೇಲೂ ಹೆಣ ಹೊತ್ತ, ಹೂಳಿದ, ತೊಳೆದ ಕೈಗಳಿಗೆ ಇತಿಹಾಸದಲ್ಲಿ ಒಂದು ಸಾಲೂ ಇಲ್ಲ. ಇವತ್ತಿಗೂ ಬಹಳಷ್ಟು ಸರ್ಕಾರಿ ಆಸ್ಪತ್ರೆಗಳ ಶವಾಗಾರಕ್ಕೆ ಹೋಗಿ ನೋಡಿ. ತಲೆಬುರುಡೆ ಬಿಚ್ಚುವವನು, ಎದೆ ಸೀಳುವವನು, ಕರುಳು ತೆಗೆದು ಟ್ರೇ ಮೇಲೆ ಇಡುವವನು ನಮ್ಮವನು. ಮಾರು ದೂರದಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದರ ಹೆಸರು ಹೇಳಿ ಬರೆಸುವವರು ಡಾಕ್ಟರು. ಕೈಯಲ್ಲಿ ಹಿಡಿದವನು ಅಸ್ಪೃಶ್ಯ, ಬಾಯಲ್ಲಿ ಹೇಳಿದವನು ವಿದ್ವಾಂಸ. ಈಗ ಆ ಕೈಯ ಮಗ ಬಾಯಿ ತೆರೆದರೆ ಉಚ್ಚಾರಣೆ ಸರಿಯಿಲ್ಲ!

ಇದು ನಮ್ಮ ದೇಶದ ಆಟ ಮಾತ್ರವಲ್ಲ. ಯುರೋಪಿನಲ್ಲೂ ಲ್ಯಾಟಿನ್ ಬಲ್ಲ ವೈದ್ಯ ಮೇಲೆ, ಕತ್ತಿ ಹಿಡಿದ ಕ್ಷೌರಿಕ ಕೆಳಗೆ. ಆಂಬ್ರ್ವಾಸ್ ಪಾರೆ ಅಂತ ಕ್ಷೌರಿಕರ ಸಾಲಿನಿಂದ ಬಂದ ಶಸ್ತ್ರವೈದ್ಯ ಒಬ್ಬನಿದ್ದ. ಯುದ್ಧಭೂಮಿಯಲ್ಲಿ ಗುಂಡೇಟಿನ ಗಾಯಕ್ಕೆ ಕುದಿವ ಎಣ್ಣೆ ಹೊಯ್ಯುವುದನ್ನು ನಿಲ್ಲಿಸಿ, ಮುಲಾಮು ಹಚ್ಚಿ ಸೈನಿಕರನ್ನು ಉಳಿಸಿದವನು. ಅವನಿಗೆ ಲ್ಯಾಟಿನ್ ಬಾರದು. 1575ರಲ್ಲಿ ತನ್ನ ಗ್ರಂಥಗಳನ್ನು ಜನರ ಫ್ರೆಂಚಿನಲ್ಲಿ ಅಚ್ಚು ಹಾಕಿಸಿದಾಗ ಪ್ಯಾರಿಸ್ಸಿನ ವೈದ್ಯಪೀಠ ಅಡ್ಡ ಬಂತು. ಇವತ್ತು ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಉಳಿದ ಹೆಸರು ಪಾರೆಯದು. ಅಡ್ಡ ಬಂದವರ ಹೆಸರು ಯಾರ ಬಾಯಲ್ಲೂ ಇಲ್ಲ.

ಇನ್ನು ನಮ್ಮ ಊರುಗಳ ಹೆಸರಿನ ಕತೆ ಕೇಳಿ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸೌದೆ ಸೊಪ್ಪಿಗೆ ಕಾಡಿಗೆ ಹೋದ ಜನರಿಗೆ ಜ್ವರ ಬಂತು. ನಾವು ಮಂಗನ ಕಾಯಿಲೆ ಅಂದೆವು. ಜಗತ್ತಿನ ವೈದ್ಯಪುಸ್ತಕಗಳು ಅದಕ್ಕೆ ಕ್ಯಾಸನೂರಿನ ಹೆಸರನ್ನೇ ಇಟ್ಟವು. ವಿದೇಶದ ವೈದ್ಯರು ಆ ಹೆಸರನ್ನು ತಮ್ಮ ನಾಲಿಗೆ ಹೊರಳಿದ ಹಾಗೆ ಹೇಳುತ್ತಾರೆ. ಸೊರಬದ ಜನ ಯಾವತ್ತಾದರೂ ನಕ್ಕರೇ? ನಮ್ಮ ಊರಿನ ಹೆಸರು ತಪ್ಪು ಹೇಳಿದ್ದಕ್ಕೆ ಲಂಡನ್ನಿನ ಯಾವ ಡಾಕ್ಟರಾದರೂ ಫೇಲಾದನೇ?

ಅದೇ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿಗೆ ಬನ್ನಿ. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಚನ್ನಂಗಿ, ಛಲವಾದಿ ಸಮುದಾಯದ ಕೂಲಿ ಜನರ ಸೊಂಟ ಮಂಡಿ ಹಿಡಿದುಕೊಂಡು, ನಡೆಯಲಾರದೆ ತೆವಳುವಂತಾದದ್ದು ಹೊರಜಗತ್ತಿಗೆ ಗೊತ್ತಾಯಿತು. ಸಂಶೋಧಕರು ಬಂದರು, ರಕ್ತ ತೆಗೆದರು, ಎಕ್ಸರೆ ತೆಗೆದರು. ಕೊನೆಗೆ ಅದಕ್ಕೊಂದು ಹೆಸರಿಟ್ಟರು: ಸ್ಪಾಂಡಿಲೊಎಪಿಮೆಟಾಫಿಸಿಯಲ್ ಡಿಸ್‌ಪ್ಲೇಸಿಯಾ, ಹಂದಿಗೋಡು ಮಾದರಿ. ಅದರ ಕೊನೆಯ ಪದವನ್ನು ಒಬ್ಬರು 'ಡಿಸ್‌ಪ್ಲೇಸಿಯಾ' ಅಂತಾರೆ, ಇನ್ನೊಬ್ಬರು 'ಡಿಸ್‌ಪ್ಲೇಜ' ಅಂತಾರೆ. ಈ ಜಗಳ ಯಾವಾಗ ಬೇಕಾದರೂ ಇತ್ಯರ್ಥವಾಗಲಿ. ತೆವಳಿಕೊಂಡು ಹಿತ್ತಿಲಿಗೆ ಹೋಗುವ ನಮ್ಮಕ್ಕನಿಗೆ ಆ ಹೆಸರಿನಿಂದ ಏನು ಸಿಕ್ಕಿತು? ಹೆಸರು ಸರಿಯಾಗಿ ಹೇಳುವುದು ಮುಖ್ಯವೋ, ಆ ಮನೆಗೆ ಹೋಗಿ ಕೂತು 'ಎಲ್ಲಕ್ಕಾ ನೋವು, ಯಾವಾಗಿಂದ' ಅಂತ ಕೇಳುವುದು ಮುಖ್ಯವೋ?

ಕೇಳುವ ಭಾಷೆ ಬಲ್ಲವರು ಯಾರು? 'ಕೈ ಜೋಮು ಹಿಡಿತದೆ', 'ಹೊಟ್ಟೆ ತೊಳಸ್ತದೆ', 'ಕಣ್ ಕತ್ಲೆ ಬತ್ತದೆ', 'ಎದೆ ಡವಡವ ಅಂತದೆ', 'ಮೈಯೆಲ್ಲ ಸಳಕು' ಅಂತ ರೋಗಿ ಅನ್ನುವಾಗ ಅದರ ಒಳಗಿನ ವ್ಯತ್ಯಾಸ ತಿಳಿದವರು ನಮ್ಮ ಹಾಸ್ಟೆಲಿನ ಹುಡುಗ ಹುಡುಗಿಯರು. ಜೋಮು ಬೇರೆ, ಸೆಳೆತ ಬೇರೆ, ಸಳಕು ಬೇರೆ. ಕಾನ್ವೆಂಟಿನಿಂದ ಬಂದ ಡಾಕ್ಟರಿಗೆ 'ಜೋಮು' ಅಂದರೆ ಏನಂತ ಗೊತ್ತಿಲ್ಲದಿದ್ದರೆ ಯಾರೂ ಅವನನ್ನು ಫೇಲ್ ಮಾಡುವುದಿಲ್ಲ. ಪಕ್ಕದ ನರ್ಸಮ್ಮನನ್ನು ಕರೆದು "ಏನಂತೆ ಇವಳದು?" ಅಂತ ಕೇಳುತ್ತಾನೆ. ರೋಗಿಯ ಮಾತು ಬಾರದವನು ಗೋಲ್ಡ್ ಮೆಡಲ್ ತೆಗೆದುಕೊಳ್ಳಬಹುದು, ರೋಮಿನ ಮಾತು ತಡವರಿಸಿದವನು ಮಾತ್ರ ಮನೆಗೆ ಹೋಗಬೇಕು. ಇದ್ಯಾವ ನ್ಯಾಯ?

ಜನ ಪದಗಳನ್ನು ತಮ್ಮದಾಗಿ ಮಾಡಿಕೊಳ್ಳುತ್ತಾರೆ, ಅದು ಅವರ ಹಕ್ಕು. 1952ರಲ್ಲಿ ಆಫ್ರಿಕಾದಲ್ಲಿ, ಇವತ್ತಿನ ತಾಂಜಾನಿಯಾದ ನೆಲದಲ್ಲಿ, ಕೀಲು ಹಿಡಿಯುವ ಒಂದು ಜ್ವರ ಹಬ್ಬಿತು. ಮಕೊಂಡೆ ಎಂಬ ಕರಿಯ ಜನ ತಮ್ಮ ಭಾಷೆಯಲ್ಲಿ ಅದಕ್ಕೆ 'ಬಗ್ಗಿಸಿಬಿಡುವುದು' ಅನ್ನುವ ಅರ್ಥದ ಹೆಸರು ಕೊಟ್ಟರು. ಅದೇ ಚಿಕುನ್‌ಗುನ್ಯಾ. 2006ರಲ್ಲಿ ನಮ್ಮ ಹಳ್ಳಿಗಳಿಗೆ ಬಂದು ಎಲ್ಲರನ್ನೂ ಬಗ್ಗಿಸಿದಾಗ ನಮ್ಮ ಜನ 'ಚಿಕನ್ ಗುನ್ಯ' ಅಂದರು. ಪೇಟೆಯವರು ನಕ್ಕರು. ಆದರೆ ಆ ಪೇಟೆಯವರ ಪತ್ರಿಕೆಗಳೇ ಇನ್ನೊಂದು ಜ್ವರವನ್ನು ಒಂದು ದಿನ ಡೆಂಗ್ಯೂ, ಒಂದು ದಿನ ಡೆಂಗಿ, ಇನ್ನೊಂದು ದಿನ ಡೆಂಘೀ ಅಂತ ಅಚ್ಚು ಹಾಕುತ್ತವೆ. ಸೊಳ್ಳೆಗೆ ಇದ್ಯಾವುದೂ ಗೊತ್ತಿಲ್ಲ. ಕೇರಿಯ ಪಕ್ಕ ನಿಂತ ನೀರು ಗೊತ್ತು, ಅಷ್ಟೆ.

ಈಗ ಎದುರಾಳಿಗಳ ಒಂದು ಮಾತಿಗೆ ಬರೋಣ. ಅದರಲ್ಲಿ ಸತ್ಯವಿದೆ, ಅದಕ್ಕೇ ಬಿಡಿಸಿ ಹೇಳಬೇಕು. "ಆಸ್ಪತ್ರೆಯಲ್ಲಿ ಒಂದು ಪದ ಇನ್ನೊಂದರ ಹಾಗೆ ಕೇಳಿಸಿದರೆ ಪ್ರಾಣ ಹೋಗುತ್ತದೆ, ಆದ್ದರಿಂದ ಉಚ್ಚಾರಣೆ ಬೇಕು" ಅಂತಾರೆ. ಪ್ರಾಣ ಹೋಗುವುದು ನಿಜ. ಹೈಪರ್ ಅಂದರೆ ಹೆಚ್ಚು, ಹೈಪೊ ಅಂದರೆ ಕಡಿಮೆ. ಸಕ್ಕರೆ ಹೆಚ್ಚಾದವನಿಗೂ ಕಡಿಮೆಯಾದವನಿಗೂ ಕೊಡುವ ಮದ್ದು ಬೇರೆ ಬೇರೆ. ಡಿಸ್‌ಫೇಜಿಯಾ ಅಂದರೆ ನುಂಗಲಾಗದ್ದು, ಡಿಸ್‌ಫೇಸಿಯಾ 
ಅಂದರೆ ಮಾತು ತೊಡರುವುದು. ಅಮೆರಿಕದಲ್ಲಿ 'ಲೋಸೆಕ್' ಎಂಬ ಹೊಟ್ಟೆಯುರಿ ಔಷಧಿಗೂ 'ಲೇಸಿಕ್ಸ್' ಎಂಬ ಮೈನೀರು ಇಳಿಸುವ ಔಷಧಿಗೂ ಗೊಂದಲವಾಗುತ್ತಿದ್ದುದರಿಂದ 1990ರಲ್ಲಿ ಲೋಸೆಕ್‌ನ ಹೆಸರನ್ನೇ 'ಪ್ರೈಲೋಸೆಕ್' ಅಂತ ಬದಲಾಯಿಸಿದರು.

ಆದರೆ ಗಮನಿಸಿ. ಇಂಥ ಕಡೆ ಬುದ್ಧಿವಂತರು ಏನು ಮಾಡಿದರು? ನರ್ಸುಗಳಿಗೆ ಲಂಡನ್ ಉಚ್ಚಾರಣೆ ಕಲಿಸಿದರೇ? ಇಲ್ಲ. ಹೆಸರನ್ನೇ ಬದಲಾಯಿಸಿದರು. ಕಾಲಿನ ಒಂದು ನರದ ಹೆಸರು 'ಪೆರೋನಿಯಲ್', ಗುಪ್ತಾಂಗದ ಹತ್ತಿರದ ಜಾಗಕ್ಕೆ 'ಪೆರಿನಿಯಲ್'. 1998ರ ಪಟ್ಟಿಯಲ್ಲಿ ಕಾಲಿನದಕ್ಕೆ 'ಫಿಬ್ಯುಲರ್' ಎಂಬ ಹೆಸರನ್ನು ಮುಂದೆ ತಂದರು. ಗೊಂದಲವೂ ತಪ್ಪಿತು. ಕೈ ಮೈಯಿಂದ ದೂರ ಹೋದರೆ ಅಬ್ಡಕ್ಷನ್, ಹತ್ತಿರ ಬಂದರೆ ಅಡ್ಡಕ್ಷನ್. ಎಷ್ಟೇ ಚೆನ್ನಾಗಿ ಹೇಳಿದರೂ ಕಿವಿಗೆ ಒಂದೇ. ಅದಕ್ಕೆ ದೊಡ್ಡ ಡಾಕ್ಟರುಗಳೂ 'ಎ-ಬಿ-ಡಕ್ಷನ್', 'ಎ-ಡಿ-ಡಕ್ಷನ್' ಅಂತ ಅಕ್ಷರ ಬಿಡಿಸಿ ಹೇಳುತ್ತಾರೆ. ಸಣ್ಣ ಕರುಳಿನ ಕೊನೇ ಭಾಗವೂ 'ಇಲಿಯಮ್', ಸೊಂಟದ ಮೂಳೆಯೂ 'ಇಲಿಯಮ್'. ಇಂಗ್ಲೆಂಡಿನ ರಾಜನೇ ಬಂದು ಹೇಳಿದರೂ ಎರಡಕ್ಕೂ ಒಂದೇ ಸದ್ದು. ಒಂದಕ್ಕೆ 'ಇ', ಇನ್ನೊಂದಕ್ಕೆ 'ಐ' ಅಂತ ಅಕ್ಷರ ಹೇಳಿಯೇ ತಿಳಿಸಬೇಕು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಥರ ಕೇಳಿಸುವ ಔಷಧಿ ಹೆಸರುಗಳ ಅಪಾಯದ ಬಗ್ಗೆ ಸೂಚನೆ ಕೊಟ್ಟಾಗಲೂ ಹೇಳಿದ್ದು ಇಂಥ ಮಾತನ್ನೇ: ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳಿ, ತಿರುಗಿ ಓದಿ ಹೇಳಿ. ಅಂದರೆ ರೋಗಿಯ ಪ್ರಾಣ ಉಳಿಸುವುದು ಠೀವಿಯ ಉಚ್ಚಾರಣೆಯಲ್ಲ. ನಾಚಿಕೆ ಬಿಟ್ಟು 'ಸಾರ್, ಇನ್ನೊಂದ್ ಸಲ ಹೇಳಿ, ಸ್ಪೆಲಿಂಗ್ ಹೇಳಿ' ಅಂತ ಕೇಳುವ ಧೈರ್ಯ. ನಗೆಗೆ ಹೆದರಿದ ನರ್ಸಿಂಗ್ ಹುಡುಗಿ ಆ ಪ್ರಶ್ನೆ ಕೇಳುವುದಿಲ್ಲ. ತಪ್ಪು ಸೂಜಿ ಅಲ್ಲಿಂದ ಶುರುವಾಗುತ್ತದೆ. ನಿಮ್ಮ ನಗೆಯೇ ರೋಗಿಗೆ ಅಪಾಯ, ಸ್ವಾಮಿ!

ಇನ್ನು ಕೆಲವು ಕನ್ನಡಾಭಿಮಾನಿಗಳು ಬರುತ್ತಾರೆ. "ಇಂಗ್ಲಿಷೇ ಬೇಡ, ಎಲ್ಲ ಕನ್ನಡದಲ್ಲಿ ಹೇಳೋಣ" ಅಂತಾರೆ. ಸಂತೋಷ. ಆದರೆ ಅವರ ಕನ್ನಡ ಯಾವುದು? ಯಕೃತ್ತು, ಪ್ಲೀಹ, ಮೇದೋಜೀರಕ ಗ್ರಂಥಿ, ಊರ್ಧ್ವ ಮಹಾಸಿರೆ. ಲ್ಯಾಟಿನ್ ಪುರೋಹಿತನ ಕೈಯಿಂದ ಬಿಡಿಸಿ ಸಂಸ್ಕೃತ ಪುರೋಹಿತನ ಕೈಗೆ ಒಪ್ಪಿಸುವುದು. 'ಗ್ರಂಥಿ'ಯನ್ನು 'ಗ್ರಂತಿ' ಅಂದರೆ ಮತ್ತೆ ಅದೇ ನಗೆ. ಅಲ್ಪಪ್ರಾಣ ಮಹಾಪ್ರಾಣದ ಹೆಸರಿನಲ್ಲಿ ನಮ್ಮ ಪ್ರಾಣ ತೆಗೆದವರೇ ಇವರು. 2022ರಲ್ಲಿ ಮಧ್ಯಪ್ರದೇಶದಲ್ಲಿ ಹಿಂದಿಯಲ್ಲಿ ಎಂಬಿಬಿಎಸ್ ಪುಸ್ತಕ ತಂದಾಗ ಹೆಚ್ಚಿನ ಇಂಗ್ಲಿಷ್ ಪದಗಳನ್ನು ಹಾಗೇ ಇಟ್ಟು ನಾಗರಿ ಅಕ್ಷರದಲ್ಲಿ ಬರೆದರು. ಅದರ ರಾಜಕೀಯ ಏನೇ ಇರಲಿ, ಒಂದು ಪಾಠವಿದೆ. ಪದವನ್ನು ತನ್ನ ಅಕ್ಷರದಲ್ಲಿ ಕಂಡ ಹುಡುಗನಿಗೆ ಅದರ ಸದ್ದು ಗೊತ್ತಾಗುತ್ತದೆ. ಇಂಗ್ಲಿಷ್ ಪದದ ಪಕ್ಕ ಕನ್ನಡ ಅಕ್ಷರದಲ್ಲಿ ಅದರ ಉಚ್ಚಾರ ಬರೆದುಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ಕೊನೆಗೆ ನಮ್ಮೊಳಗಿನ ಮಾತು. ಹಾಸ್ಟೆಲಿನಲ್ಲಿ ಎರಡು ವರ್ಷ ಮೊದಲು ಬಂದ ಕೆಲವು ಸೀನಿಯರುಗಳು ಹೊಸ ಹುಡುಗರ ಉಚ್ಚಾರವನ್ನು ಅಣಕಿಸಿ ಚಪ್ಪಾಳೆ ತಟ್ಟುವುದನ್ನು ನೋಡಿದ್ದೇವೆ. ಅಣ್ಣಂದಿರಾ, ನೀವು ತಿಂದ ಏಟನ್ನು ತಮ್ಮನ ಬೆನ್ನಿಗೆ ದಾಟಿಸುವುದು ಓದಿದವರ ಲಕ್ಷಣವಲ್ಲ. ಇನ್ನೊಂದು ಕಡೆ, "ನಾವು ಹೆಂಗಂದ್ರೂ ಸರಿ, ಕಲಿಯೋದೇ ಬೇಡ" ಅನ್ನುವ ಹುಡುಗರೂ ಇದ್ದಾರೆ. ಅದೂ ತಪ್ಪು. ನಾವು ಹೇಳುತ್ತಿರುವುದು ಕಲಿಯಬೇಡಿ ಅಂತಲ್ಲ. ಅವರಿಗೆ ಒಂದು ಉಚ್ಚಾರಣೆ ಗೊತ್ತಿದ್ದರೆ ನಾವು ಮೂರನ್ನೂ ಕಲಿಯೋಣ. "ಸಾರ್, ಬ್ರಿಟಿಷ್ ರೀತಿ ಹೇಳಲೋ, ಅಮೆರಿಕನ್ ರೀತಿ ಹೇಳಲೋ, ರೋಮನ್ನರ ರೀತಿ ಹೇಳಲೋ?" ಅಂತ ಕೇಳಿದ ದಿನ ಆ ನಗೆ ತಾನಾಗಿ ನಿಲ್ಲುತ್ತದೆ.

ನಮ್ಮ ಒತ್ತಾಯಗಳು ಇವು:

1. ವೈವಾದಲ್ಲಿ ಅಂಗವನ್ನು ತೋರಿಸಲು, ಚಿತ್ರ ಬರೆಯಲು, ಪದವನ್ನು ಕಾಗದದ ಮೇಲೆ ಬರೆದು ತೋರಿಸಲು ಅವಕಾಶ ಇರಬೇಕು. ಮಾರ್ಕು ತಿಳುವಳಿಕೆಗೆ, ನಾಲಿಗೆಗಲ್ಲ.

2. 2019ರಿಂದ ಎಂಬಿಬಿಎಸ್‌ಗೆ ಸೇರಿದವರಿಗೆ ಮೊದಲಲ್ಲಿ ಫೌಂಡೇಶನ್ ಕೋರ್ಸು ಅಂತ ತಂದು, ಅದರಲ್ಲಿ ಭಾಷೆ ಕಲಿಸುವ ಭಾಗವನ್ನೂ ಇಟ್ಟರು. ಅಲ್ಲಿ ಪದಗಳನ್ನು ಗಟ್ಟಿಯಾಗಿ ಓದಿ ಹೇಳಿಕೊಡಬೇಕು. ಎರಡು ಉಚ್ಚಾರಣೆ ಇದ್ದರೆ ಎರಡನ್ನೂ ಬೋರ್ಡಿನ ಮೇಲೆ ಬರೆಯಬೇಕು. ನರ್ಸಿಂಗ್, ಫಾರ್ಮಸಿ, ಲ್ಯಾಬ್ ಕೋರ್ಸುಗಳಲ್ಲೂ ಇದೇ ಆಗಬೇಕು.

3. ಹೈಪರ್-ಹೈಪೊ, ಎ-ಬಿ, ಎ-ಡಿ ಥರದ ಅಪಾಯದ ಜೋಡಿಗಳನ್ನು ಬಿಡಿಸಿ ಹೇಳುವ, ತಿರುಗಿ ಕೇಳುವ ಅಭ್ಯಾಸವನ್ನು ಪ್ರೊಫೆಸರಿಂದ ಹಿಡಿದು ಆಯಾ ತನಕ ಎಲ್ಲರಿಗೂ ಕಲಿಸಬೇಕು. ತಿರುಗಿ ಕೇಳಿದವರನ್ನು ಗದರಿಸುವುದು ತಪ್ಪೆಂದು ಪರಿಗಣಿಸಬೇಕು.

4. ರೋಗಿಯ ಕನ್ನಡ, ರೋಗಿಯ ಉರ್ದು, ರೋಗಿಯ ತುಳು, ರೋಗಿಯ ಲಂಬಾಣಿ ಮಾತು ಅರ್ಥವಾಗುತ್ತದೆಯೇ ಅಂತ ಎಲ್ಲ ವಿದ್ಯಾರ್ಥಿಗಳನ್ನೂ ಪರೀಕ್ಷೆ ಮಾಡಬೇಕು. ಆಗ ಯಾರ ನಾಲಿಗೆ ತೊಡರುತ್ತದೆ ನೋಡೋಣ.

5. ಹಾಸ್ಟೆಲುಗಳಲ್ಲಿ ಇದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಎಲ್ಲರೂ ಕೂತು ಪದಗಳನ್ನು ಗಟ್ಟಿಯಾಗಿ ಓದಿ. ತಪ್ಪಿದರೆ ತಿದ್ದಿ, ನಗಬೇಡಿ. ಮೊಬೈಲು ಇದ್ದವರು ಅದರ ದನಿಯನ್ನು ಎಲ್ಲರಿಗೂ ಕೇಳಿಸಿ.

ಗೆಳೆಯರೆ, ಸಾವಿರಾರು ವರ್ಷ ನಮ್ಮ ನಾಲಿಗೆಯನ್ನು ಕತ್ತರಿಸುತ್ತೇವೆ ಅಂತ ಹೆದರಿಸಿದರು. ಈಗ ಕತ್ತರಿಸುವ ಹಾಗಿಲ್ಲ, ಅದಕ್ಕೇ ನಗುತ್ತಾರೆ. ನಗಲಿ. ನಾಳೆ ವಾರ್ಡಿನಲ್ಲಿ, ವೈವಾದಲ್ಲಿ, ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದವರು ಕೈ ಎತ್ತಿ, ಎದ್ದು ನಿಂತು ಹೇಳಿ. ಡುಯೊಡೀನಮ್ ಅನ್ನಿ, ಡುಆಡಿನಮ್ ಅನ್ನಿ. ಬಾರದಿದ್ದರೆ 'ಹನ್ನೆರಡು ಬೆರಳಿನ ಕರುಳು' ಅನ್ನಿ, ಅದರ ಹುಟ್ಟು ಹೆಸರೇ ಅದು. ಬಾಯಿ ಮಾತ್ರ ಮುಚ್ಚಬೇಡಿ.